ಮಾವನವರ ಇಲಿ ಬಿಡುಗಡೆ

ನಮ್ಮ ಮಾವನವರ ದಯೆ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ರಾಜಾಜಿನಗರದಲ್ಲಿ ಮನೆ ಕಟ್ಟಿಸಿ, ಹಣೆ ತುಂಬ ವಿಭೂತಿ ಧರಿಸಿ ವರಾಂಡದ ಕುರ್ಚಿಯಲ್ಲಿ ಕೂತರೆಂದರೆ ಹಾಲಿನವನಿಂದ ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಒಂದೇ ಪಾಠ: ಇರುವೆಯನ್ನೂ ತುಳಿಯಬಾರದು. ಅವರಿಗೆ ಅದು ಕಷ್ಟವೇನಲ್ಲ. ಕುರ್ಚಿ ಬಿಟ್ಟು ಎದ್ದರೆ ತಾನೆ ತುಳಿಯುವುದು?

ಎಪ್ಪತ್ತರ ದಶಕದ ಮಾತು. ವಿಜಯನಗರದ ಕಡೆ ರಾಗಿ ಹೊಲಗಳನ್ನು ಅಗೆದು ಸೈಟು ಮಾಡುತ್ತಿದ್ದರು. ಹೊಲದ ಇಲಿಗಳಿಗೆ ಯಾರೂ ಸೈಟು ಕೊಡಲಿಲ್ಲವಾಗಿ ಅವು ನಮ್ಮ ಮನೆಯ ಹಿಂದಿನ ಕೋಣೆಯನ್ನು ಹಿಡಿದವು. ಅಕ್ಕಿ ಮೂಟೆ, ಟ್ರಂಕು, ಹಳೇ ಹಾಸಿಗೆಗಳಿದ್ದ ಕೋಣೆ. ಇನ್ನೆರಡು ತಿಂಗಳಿಗೆ ನಾದಿನಿ ಹೆರಿಗೆಗೆ ಬರುವವಳಿದ್ದಳು, ಬಾಣಂತಿಯೂ ಕೂಸೂ ಮಲಗಬೇಕಾದದ್ದು ಅಲ್ಲೇ. ನನ್ನ ತವರಿನಲ್ಲಿ ಇಲಿ ಕಚ್ಚಿದ ಕೂಸೊಂದನ್ನು ನೋಡಿದ್ದೆ. ಆ ಕೋಣೆಯ ಬಾಗಿಲು ತೆರೆದಾಗಲೆಲ್ಲ ನನಗೆ ಅದರ ಪುಟ್ಟ ಹೆಬ್ಬೆರಳೇ ಕಣ್ಣಿಗೆ ಬರುತ್ತಿತ್ತು.

"ಪಾಷಾಣ ತರ್ಸಿ ಮಾವ," ಎಂದೆ.

"ಲಿಂಗಪೂಜೆ ಮಾಡೋ ಮನೇಲಿ ಪಾಷಾಣಾನಾ? ಅದೂ ಒಂದ್ ಜೀವ ಕಣಮ್ಮ," ಎಂದು ಮಾವನವರು ಬೋನು ತಂದರು. ಸುಟ್ಟ ಕೊಬ್ಬರಿಯ ವಾಸನೆಗೆ ಮರುದಿನವೇ ಒಂದು ಬಿತ್ತು. ಆಮೇಲಿನದು ನೋಡಬೇಕು. ಬೋನಿನ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ಟವೆಲ್ ಹೊದಿಸಿ, "ಬಿಡುಗಡೆ ಮಾಡ್ ಬರ್ತೀನಿ" ಎಂದು ಹೊರಟರು. ಜೈಲು ಸೂಪರಿಂಟೆಂಡೆಂಟರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ನಮ್ಮ ಸಾಲಿನ ಕೊನೆಯ ಮೋರಿ ಹತ್ತಿರ ಬಿಟ್ಟು ಬಂದು ಕಾಫಿ ಕುಡಿದರು.

ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸಲ ಬಿದ್ದ ಇಲಿಯ ಬಾಲಕ್ಕೆ ಬೋನಿನ ಸಂದಿಯಿಂದಲೇ, ನಾದಿನಿ ಮನೆಯಲ್ಲಿ ಬಿಟ್ಟುಹೋಗಿದ್ದ ಉಗುರುಬಣ್ಣ ಬಳಿದೆ. ಮೂರನೇ ದಿನಕ್ಕೆ ಕೆಂಪು ಬಾಲದ ಮಹಾಶಯ ಮತ್ತೆ ಅದೇ ಬೋನಿನಲ್ಲಿ ಕೂತು ಕೊಬ್ಬರಿ ಮೆಲ್ಲುತ್ತಿದ್ದ. ಮಾವನವರಿಗೆ ತೋರಿಸಿದೆ.

"ಕೆಂಪು ಬಾಲದ್ ಜಾತೀನೂ ಇರುತ್ತಮ್ಮ," ಎಂದರು.

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ವಾದ ಮಾಡಿ ಸುಖವಿಲ್ಲವೆಂದು, "ಇನ್ನೂ ದೂರ ಬಿಟ್ ಬನ್ನಿ ಮಾವ. ಎರಡು ಕ್ರಾಸ್ ಆಚೆ ಖಾಲಿ ಸೈಟಿದ್ಯಲ್ಲ, ಅಲ್ಲಿ," ಎಂದೆ. ಅವರಿಗೆ ಅದು ಹಿಡಿಸಿತು. ಬೆಳಗಿನ ವಾಕಿಂಗೂ ಆಯಿತು, ಪುಣ್ಯವೂ ಬಂತು. ಅಲ್ಲಿಂದ ದಿನಾ ಬಿಡುಗಡೆ.

ಇನ್ನು ಕೋಣೆ ತೊಳೆಯುವ ಪಾಲು ಯಾರದು? ದಯೆ ಅವರದು, ಹಿಕ್ಕೆ ನನ್ನದು. ಅತ್ತೆ ಪೊರಕೆ ಕೊಟ್ಟು, "ಗುಡ್ಸಿ ಬಿಸಾಕು, ಅದಕ್ಕೇನು" ಎಂದರು. ಗುಡಿಸಲು ಶುರು ಮಾಡಿದ್ದೆ, ಧೂಳೆದ್ದು ಸೀನು ಹಿಡಿದಿತ್ತು. ಅತ್ತೆಯ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಕೊಡಲು ದಿನಾ ಬರುತ್ತಿದ್ದ ನರ್ಸಮ್ಮ ಅದನ್ನು ಕೇಳಿ ಕಿಟಕಿಯಿಂದಲೇ ಕೂಗಿದಳು.

"ಅಯ್ಯೋ, ಒಣಗಿರೋದನ್ನ ಗುಡಿಸ್ಬೇಡಿ ಕಣ್ರೀ! ಆ ಧೂಳು ಮೂಗಿಗೆ ಹೋದ್ರೆ ಕಾಯಿಲೆ ಬರುತ್ತೆ. ಆಚೆ ಬನ್ನಿ ಮೊದ್ಲು."

ಕಿಟಕಿ ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ಆ ಕಡೆ ಸುಳಿಯಬಾರದೆಂದಳು. ಮರುದಿನ ಆಸ್ಪತ್ರೆಯಿಂದ ಒಂದು ಜೊತೆ ರಬ್ಬರ್ ಗ್ಲೌಸ್ ತಂದುಕೊಟ್ಟಳು. ಮೂಗಿಗೆ ಬಟ್ಟೆ ಕಟ್ಟಿಸಿ, ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಹಿಕ್ಕೆಯ ಮೇಲೆಲ್ಲ ಚಿಮುಕಿಸಿ ನೆನೆಯಲು ಬಿಡಿಸಿದಳು. ಆಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ ತೆಗೆದು, ಆ ಬಟ್ಟೆಯನ್ನೂ, ಇಲಿ ಕಡಿದು ಹಾಳುಮಾಡಿದ್ದ ಹಾಸಿಗೆಯನ್ನೂ ಹಿತ್ತಲಲ್ಲಿ ಹೂಳಿದೆ. ಕೈಗೆ ಎರಡು ಸಲ ಸೋಪು. ಅಕ್ಕಿ ಮೂಟೆ ಹೋಗಿ ಮುಚ್ಚಳದ ತಗಡಿನ ಡಬ್ಬ ಬಂತು. "ಹೆಬ್ಬೆರಳು ಹಿಡಿಸೋ ತೂತಿದ್ರೆ ಸಾಕು, ಇಲಿ ನುಗ್ಗುತ್ತೆ," ಎಂದು ನೆಲಕ್ಕೆ ಕೂತು ಒಂದೊಂದೇ ಬಿಲ ತೋರಿಸಿದಳು. ಒಡೆದ ಗಾಜು ತುರುಕಿ ಸಿಮೆಂಟ್ ಮೆತ್ತಿದೆ.

ಇಷ್ಟು ಮಾಡಿದವಳಿಗೆ ನಮ್ಮ ಮನೆಯಲ್ಲಿ ಕಾಫಿ ವರಾಂಡದಲ್ಲಿ. ಅವಳ ಜಾತಿ ಬೇರೆಯೆಂದು ಅವಳಿಗೊಂದು ಪ್ರತ್ಯೇಕ ಲೋಟ, ಅದು ಕಿಟಕಿಯ ಕಟ್ಟೆಯ ಮೇಲೆ. ಇಲಿ ಮೂತಿಯಿಟ್ಟ ಪಾತ್ರೆಗಳೆಲ್ಲ ಒಳಗೆ, ನರ್ಸಮ್ಮನ ಲೋಟ ಹೊರಗೆ. ಆ ಲೋಟವನ್ನು ದಿನಾ ತೊಳೆದಿಡುತ್ತಿದ್ದವಳು ನಾನೇ. ಒಂದು ದಿನವಾದರೂ ಬಾಯಿಬಿಟ್ಟವಳಲ್ಲ.

ನಾದಿನಿ ಬಂದಳು, ಹೆತ್ತಳು. ಕೋಣೆಯಲ್ಲಿ ಒಂದು ಹಿಕ್ಕೆಯೂ ಕಾಣಲಿಲ್ಲ, ಕೂಸು ನೆಮ್ಮದಿಯಾಗಿ ಮಲಗಿತು. ನೋಡಲು ಬಂದವರ ಮುಂದೆಲ್ಲ ಮಾವನವರು, "ಒಂದ್ ಇಲೀನೂ ಕೊಲ್ದೆ ಮನೆ ಶುದ್ಧ ಮಾಡ್ದೆ ನೋಡಿ" ಎಂದರು. ಮಾಡಿದೆನಂತೆ! ಪೊರಕೆಯ ಹಿಡಿ ಯಾವ ಕಡೆಯೆಂದು ಗೊತ್ತಿಲ್ಲದ ಮನುಷ್ಯ.

ನಾಮಕರಣವಾಗಿ ವಾರವಾಗಿರಬಹುದು, ನರ್ಸಮ್ಮ ಎರಡು ದಿನ ಇಂಜೆಕ್ಷನ್‌ಗೆ ಬರಲಿಲ್ಲ. ಮಲಗಿದ್ದ ಅವಳ ಮೂರು ವರ್ಷದ ಮಗಳಿಗೆ ತುಟಿಯ ಹತ್ತಿರ ಇಲಿ ಕಚ್ಚಿದೆ, ಮಗುವಿಗೆ ಜ್ವರ ಎಂದು ಹಾಲಿನವನು ಹೇಳಿದ. ಮಾವನವರ ಕರುಳು ಚುರ್ ಎಂದಿತು. ಅರ್ಧ ಡಜನ್ ಕಿತ್ತಳೆ ನನ್ನ ಕೈಯಲ್ಲಿ ಹೊರಿಸಿಕೊಂಡು ನೋಡಲು ಹೊರಟರು.

ಅವಳ ಮನೆ ನಾನು ಅದುವರೆಗೆ ನೋಡಿರಲಿಲ್ಲ. ದಿನಾ ನಮ್ಮ ಮನೆಗೆ ಬರುವವಳು ಎಲ್ಲಿಂದ ಬರುತ್ತಾಳೆಂದು ಕೇಳಿಯೂ ಇರಲಿಲ್ಲ. ಎರಡು ಕ್ರಾಸ್ ಆಚೆ, ಖಾಲಿ ಸೈಟಿಗೆ ಒರಗಿಕೊಂಡಿದ್ದ ಶೀಟಿನ ಔಟ್‌ಹೌಸು. ಗೋಡೆಗೂ ಶೀಟಿಗೂ ನಡುವೆ ಗೇಣಗಲ ಸಂದಿ. ಹಳೇ ಸೀರೆ ತುರುಕಿದ್ದಳು, ಅದನ್ನೂ ಕಡಿದು ಹಾಕಿದ್ದವು. ಓನರ್ ರಿಪೇರಿ ಮಾಡಿಸಿರಲಿಲ್ಲ. ಸೈಟನ್ನು ನೋಡುತ್ತಿದ್ದಂತೆ ನನ್ನ ಕಾಲು ನಿಂತುಹೋಯಿತು. ಮಾವನವರಿಗೆ ಏನೂ ಅನ್ನಿಸಲಿಲ್ಲ. ದಿನಾ ಬೋನು ಹಿಡಿದು ಬರುತ್ತಿದ್ದ ಜಾಗ ಅದು, ಆದರೂ ಅವರ ಕಣ್ಣು ಔಟ್‌ಹೌಸಿನ ಮುಂದಿದ್ದ ಕಸದ ಮೇಲೇ ಹೋಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುವ ಜಾತಿ.

"ಮನೆ ಒಂಚೂರು ಕ್ಲೀನಾಗಿ ಇಟ್ಕೋಬೇಕಮ್ಮ," ಎಂದರು ನರ್ಸಮ್ಮನಿಗೆ.

ಅವಳು ತಲೆಯಾಡಿಸಿದಳು.

ಅವರನ್ನು ಹೀಗಳೆಯುವುದು ನನಗೆ ಎಷ್ಟು ಸಲೀಸು. ಅವರಿಗೆ ಹೊಳೆದಿರಲಿಲ್ಲ, ಹೊಳೆಯುವಷ್ಟು ಬುದ್ಧಿಯೂ ಇರಲಿಲ್ಲ. ನನಗೆ ಹೊಳೆದಿತ್ತು. ಆ ಸೈಟು ತೋರಿಸಿದ ನಾಲಿಗೆ ನನ್ನದು. ಅಸಹ್ಯವಾಯಿತು ನನ್ನ ಮೇಲೆ ನನಗೇ.

ಕಿತ್ತಳೆ ಕೆಳಗಿಟ್ಟೆ. ನರ್ಸಮ್ಮ ತೊಡೆಯ ಮೇಲಿದ್ದ ಮಗಳ ಹಣೆಯ ಒದ್ದೆ ಬಟ್ಟೆ ತಿರುವಿ ಹಾಕುತ್ತ ನನ್ನನ್ನೇ ಕೇಳಿದಳು:

"ಕೂಸು ಚೆನ್ನಾಗಿದ್ಯೇನ್ರೀ? ನಿಮ್ಮನೇಗೆ ಮತ್ತೆ ಇಲಿ ಬರ್ಲಿಲ್ಲ ತಾನೆ?"

"ಇಲ್ಲ," ಎಂದೆ.

"ಸದ್ಯ," ಎಂದು ಅವಳು ನಿಟ್ಟುಸಿರು ಬಿಟ್ಟಳು.