ನೆಲಕ್ಕೆ ಇಳಿಸಿದ ಮುದುಕಿ

ವಿಜಾಪುರದಲ್ಲಿ ಆಗ ನಾನು ಒಬ್ಬ ಡಾಕ್ಟರರ ಕೈಕೆಳಗೆ ಆಯಾ. ಅವರು ಹೇಳಿದ ಮನೆಗೆ ಹೋಗಿ, ಎದ್ದೇಳಲಾಗದವರ ಹೊಲಸು ಬಳಿದು, ಮೈ ಒರೆಸಿ, ಉಣಿಸಿ ಬರುವುದು ನನ್ನ ಕೆಲಸ. ಬಾಯಿ ಮಾತ್ರ ಬಿಡುವಂತಿರಲಿಲ್ಲ. ನನ್ನದೋ ಮುಚ್ಚಿಕೊಂಡಿರುವ ಬಾಯಿಯಲ್ಲ.

ಇಬ್ರಾಹಿಂಪುರದ ಕಿರಾಣಿ ವ್ಯಾಪಾರಿಯೊಬ್ಬನ ತಾಯಿ ಜ್ವರ ಬಂದು ಮಲಗಿದ್ದಳು. ಒಂದು ಮುಂಜಾನೆ ಹೋದರೆ ಹೊರಸು ಖಾಲಿ, ಮುದುಕಿ ಪಡಸಾಲೆಯ ಬರೀ ಕಲ್ಲಿನ ಮೇಲೆ. ಹೊರಸಿನ ಮೇಲೆ ಜೀವ ಹೋಗಬಾರದಲ್ಲ, ಅದಕ್ಕೇ ಇಳಿಸಿದ್ದರು. ಟಿಕೋಟ, ನಿಡೋಣಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದ ಬೀಗರು ಸುತ್ತ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು.

ಹಣೆ ಮುಟ್ಟಿದೆ, ಬಿಸಿ ಇರಲಿಲ್ಲ. ತುಟಿಗೆ ನೀರು ಹಚ್ಚಿದರೆ ಗುಟುಕರಿಸಿ ಕಣ್ಣು ಬಿಟ್ಟಳು.

"ಸಾವಕಾರ್ರ, ಜ್ವರ ಬಿಟ್ಟೈತ್ರಿ. ಆಯಿ ಸಾಯಾಕತ್ತಿಲ್ಲ, ಹಸದಾರ. ಕಲ್ಲು ಥಂಡಿ ಐತಿ, ಮ್ಯಾಲ ಮಲಗಸ್ರಿ" ಎಂದೆ.

ಮಗ ಬೀಗರ ಮುಖ ನೋಡಿದ. "ಇಳಿಸಿದವರನ್ನ ಮತ್ತ ಏರಸ್ತಾರೇನ ಬೇ? ಮನಿಗೆ ಕೇಡು. ನಿನ್ನ ಕೆಲಸ ನೋಡ್ಕೋ."

ಡಾಕ್ಟರರ ಬಳಿಗೆ ಓಡಿದೆ. ಅವರು ಕೈ ತೊಳೆಯುತ್ತ, "ನಿನ್ನನ್ನ ಹೊಲಸ ಬಳ್ಯಾಕ ಕಳಿಸೇನಿ, ಪಂಚಾಯ್ತಿ ಮಾಡಾಕಲ್ಲ" ಎಂದರು.

ತಿರುಗಿ ಬಂದು ಗಂಜಿ ಕಾಸಿ ಮುದುಕಿಯ ತಲೆ ಎತ್ತಿ ಹಿಡಿದೆ. ಅಷ್ಟರಲ್ಲಿ ಬೀಗನೊಬ್ಬ, "ಬಿತ್ತಿಗಿ ಬಿಟ್ಟ ಬಂದೇವಿ, ಇನ್ನ ಎಷ್ಟೊತ್ತ ಆಗತೈತೋ" ಎಂದು ಆಕಳಿಸಿದ. ಆಕೆಗೆ ಕೇಳಿಸಿತು. ಬಾಯಿ ಮುಚ್ಚಿಬಿಟ್ಟಳು.

"ಉಣ್ರಿ ಯವ್ವಾ."

"ಬ್ಯಾಡ ತಂಗಿ. ಹಸಿವ್ಯಾಗೈತಿ ಖರೆ. ಬಂದ ಮಂದಿ ಏನಂದಾರು? ಸಾಯಲಾರದ ಮುದುಕಿ ಸುಳ್ಳ ಕರಿಸ್ಯಾಳ ಅಂತಾರ" ಎಂದು ಪಿಸುಗುಟ್ಟಿದಳು.

ನನಗೆ ಮೈಯೆಲ್ಲ ಉರಿಯಿತು, ಮಗನ ಮೇಲಲ್ಲ, ಈ ಮುದುಕಿಯ ಮೇಲೆ. ಇವಳಿಗಾಗಿ ಎರಡು ಕಡೆ ಬೈಸಿಕೊಂಡು ಬಂದವಳು ನಾನು, ಇವಳಿಗೆ ಬೀಗರ ಚಿಂತೆ! ಎಷ್ಟು ಅಂಗಲಾಚಿದರೂ ಹಲ್ಲು ಬಿಡಲಿಲ್ಲ. ಇರುಳಾಗುವಷ್ಟರಲ್ಲಿ ಕಲ್ಲಿನ ಥಂಡಿ ಎದೆಗೆ ಇಳಿದು, ಗೊರಗೊರ ಎಂದು ಉಸಿರೆಳೆದು, ಕೊನೆಗೂ ಬಂದವರ ಮರ್ಯಾದೆ ಉಳಿಸಿದಳು.

"ಪುಣ್ಯವಂತಿ, ನೆಲದ ಮ್ಯಾಲ ಹೋದ್ಲು" ಎಂದರು ಎಲ್ಲರೂ.

ಮುದುಕಿಯ ಮೈ ತೊಳೆದು ಹೊರಟಾಗ ಮಗ ಹೊರಸು ತೋರಿಸಿದ. "ಸತ್ತವರ ಹೊರಸ ಮನ್ಯಾಗ ಇಡಬಾರದು. ನೀನ ಒಯ್ಯಿ."

"ಇದರ ಮ್ಯಾಲ ಯಾರೂ ಸತ್ತಿಲ್ಲರಿ" ಎಂದೆ, ಬೀಗರಿಗೆಲ್ಲ ಕೇಳುವ ಹಾಗೆ.

ಮರುದಿನದಿಂದ ಡಾಕ್ಟರರು ನನ್ನನ್ನು ಯಾವ ಮನೆಗೂ ಕಳಿಸಲಿಲ್ಲ.