ಅಮ್ಮ ಕಾರ್ಬನ್ ಬೇರಿಂಗ್ ತರಿಸಿದ ವರ್ಷ

ತೊಂಬತ್ತರ ದಶಕದಲ್ಲಿ ನಮ್ಮ ಬಾಳೂರಿನ ಕಡೆ ಎಸ್ಟೇಟ್ ಇದ್ದವರ ಮನೆಯಲ್ಲಿ ಒಂದು ಜೀಪಿರುತ್ತಿತ್ತು. ಇನ್ನೂ ಅನುಕೂಲಸ್ಥರಾದರೆ ಜೊತೆಗೊಂದು ಅಂಬಾಸಿಡರ್. ನಮ್ಮ ಮನೆಯಲ್ಲಿ ಮಾತ್ರ ಜೀಪಿನ ಪಕ್ಕ ಎರಡೇ ಸೀಟಿನ ಹಳೆಯ ಕೆಂಪು ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದು ನೆಲಕ್ಕೆ ಅಂಟಿಕೊಂಡು ನಿಂತಿರುತ್ತಿತ್ತು. ನಮ್ಮ ರಸ್ತೆಗೆ ಅದಕ್ಕಿಂತ ದಂಡದ ಗಾಡಿ ಇನ್ನೊಂದಿರಲಿಕ್ಕಿಲ್ಲ. ಅಪ್ಪನಿಗೆ ಅದೆಂದರೆ ಪ್ರಾಣ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದನ್ನು ಓಡಿಸತೊಡಗಿದಳು, ಪಕ್ಕದ ಸೀಟು ನನ್ನದಾಯಿತು.

ಆಗ ನನಗೆ ಒಂಬತ್ತು ವರ್ಷ. ಆಡಲು ಸುತ್ತಮುತ್ತ ಒಂದು ಮಗುವೂ ಇರಲಿಲ್ಲ. ಕಾಫಿ ಗಿಡಗಳ ನಡುವೆ ನಾನೇ ಅಡಗಿ, ನಾನೇ ಹುಡುಕಿ ಸಾಕಾಗುತ್ತಿತ್ತು. ಅಮ್ಮ ಬೆಳಗಾದರೆ ತೋಟದ ಲೆಕ್ಕ ಬರೆಯುವ ರೈಟರ ಜೊತೆ, ಸಂಜೆಯಾದರೆ ಮೇಸ್ತ್ರಿಯ ಜೊತೆ. ಊಟಕ್ಕೆ ಕೂತರೂ ಅವಳ ತಲೆ ತೋಟದಲ್ಲೇ. ಭಾನುವಾರ ಆ ಕಾರಿನಲ್ಲಿ ಬಣಕಲ್‌ಗೆ ಹೋಗುವಾಗ ಮಾತ್ರ ಬಾಯಿ ಬಿಡುತ್ತಿದ್ದಳು. ಹೂಮಳೆ ಬಿದ್ದ ವಾರವಂತೂ ಮೇಲಿನ ಹೊದಿಕೆ ಮಡಚಿ, ಕಾಫಿ ಹೂವಿನ ಪರಿಮಳದೊಳಗೇ ಹೋಗುತ್ತಿದ್ದೆವು. ಅಪ್ಪನ ಕಥೆ ಹೇಳುತ್ತಿದ್ದಳು, ನಗುತ್ತಲೂ ಇದ್ದಳು. ವಾರವಿಡೀ ನಾನು ಕಾಯುತ್ತಿದ್ದದ್ದು ಅದಕ್ಕೇ.

ಅಂಥದ್ದೊಂದು ಭಾನುವಾರ ಕ್ಲಚ್ ಒತ್ತಿದರೆ ಕಬ್ಬಿಣ ಉಜ್ಜುವ ಸದ್ದು ಬಂತು. ಹೇಗೋ ಬಣಕಲ್‌ನ ಗ್ಯಾರೇಜ್ ಮುಟ್ಟಿಸಿದಳು. ವಾರ ಬಿಟ್ಟು ಬಸ್ಸಿನಲ್ಲಿ ಹೋದಾಗ ಮೆಕ್ಯಾನಿಕ್ ಲಾರೆನ್ಸಣ್ಣ ಇಂಜಿನ್ ಇಳಿಸಿಟ್ಟು ಕಾಯುತ್ತಿದ್ದ.

"ಅಮ್ಮಾವ್ರೇ, ಏರಲ್ಲಿ ನಿಲ್ಸುವಾಗ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಲ್ಲೇ ಹಿಡ್ಕೊಳ್ತೀರ ಅಲ್ವಾ?"

"ಜೀಪಲ್ಲಿ ಕಲ್ತದ್ದು ಮಾರಾಯ, ಅದೇ ಅಭ್ಯಾಸ."

"ಜೀಪಿನ ಕ್ಲಚ್ ಬೇರಿಂಗ್ ತಡೀತದೆ. ಇದ್ರದ್ದು ಬರೀ ಕಾರ್ಬನ್. ಸವೆದೇ ಹೋಗಿದೆ."

ಬೆಂಚಿನ ಮೇಲೆ ಎರಡು ಬೇರಿಂಗ್ ಇಟ್ಟ. ಒಂದು ನಮ್ಮದೇ, ಕಬ್ಬಿಣದ ಬಟ್ಟಲಿನಲ್ಲಿ ಕೂರಿಸಿದ ಕಪ್ಪು ಬಳೆ. ಮುಟ್ಟಿದರೆ ಬೆರಳಿಗೆ ಪೆನ್ಸಿಲ್ಲಿನ ಕಪ್ಪು ಹತ್ತುತ್ತಿತ್ತು. ಇನ್ನೊಂದು ಜೀಪಿನ ಬಾಲ್ ಬೇರಿಂಗ್, ಹೊಸದು, ಥಳಥಳ ಹೊಳೆಯುತ್ತಿತ್ತು.

"ಬಾಲ್ ಬೇರಿಂಗಾದ್ರೆ ಲೇತಲ್ಲಿ ಅಳತೆ ಸರಿ ಮಾಡ್ಸಿ ಈ ವಾರಾನೇ ಕೂರಿಸ್ತೇನೆ. ಯಾವತ್ತು ಕಿರುಚ್ತದೋ ಹೇಳಕ್ಕಾಗಲ್ಲ. ಕಾರ್ಬನ್ ಮದ್ರಾಸಿಂದ ಬರ್ಬೇಕು, ತಿಂಗಳುಗಟ್ಲೆ ಆಗ್ತದೆ. ಗಾಡಿ ಮಾರೋದಾದ್ರೆ ಬಾಲ್ ಸಾಕು ಅಮ್ಮಾವ್ರೇ. ಇಟ್ಕೊಳ್ಳೋದಾದ್ರೆ ಕಾರ್ಬನ್ನೇ ಹಾಕ್ಸಿ."

ಮಾರುವ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಮ್ಮ ಹೊಸದನ್ನು ಎತ್ತಿ ತಿರುಗಿಸಿದಳು, ಇಟ್ಟಳು. ಕಪ್ಪು ಬಳೆಯನ್ನು ಸವರಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

"ಕಾರ್ಬನ್ನೇ ತರ್ಸು ಲಾರೆನ್ಸ್," ಎಂದಳು. "ಅವ್ರಿದ್ದಿದ್ರೂ ಅದನ್ನೇ ಹಾಕ್ಸ್ತಿದ್ರು."

ಅಂದರೆ ಕಾರು ಉಳಿಯಿತು. ಪಕ್ಕದ ಹೋಟೆಲಿನಲ್ಲಿ ಎರಡು ಪ್ಲೇಟ್ ಗೋಳಿಬಜೆ ಒಬ್ಬಳೇ ಬಾರಿಸಿದೆ. ಮುಂದಿನ ಖಾಲಿ ಭಾನುವಾರಗಳನ್ನೂ ಆ ಖುಷಿಯಲ್ಲೇ ಕಳೆದೆ.

ಬೇರಿಂಗ್ ಬಂತು. ಕಾರು ತರಲು ಹೋದ ದಿನ ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ವಾಪಸ್ ಬರುವಾಗ ನಮ್ಮ ಗೇಟಿನ ಹತ್ತಿರ ತಿರುಗಿಸದೆ ಕಳಸದ ಕಡೆಗೆ ನೇರ ಬಿಟ್ಟಳು. ಎಲ್ಲಿಗೆ ಎಂದೆ.

"ಕುದುರೆಮುಖಕ್ಕೆ. ಅಲ್ಲಿ ಕಂಪನಿ ಆಫೀಸರೊಬ್ರು ಇದನ್ನ ತಗೊಳ್ತಿದ್ದಾರೆ."

"ಮತ್ತೆ ಕಾರ್ಬನ್ ಹಾಕ್ಸಿದ್ಯಲ್ಲಮ್ಮ?"

"ಅವ್ರು ಇಟ್ಕೊಳ್ಳೋರಲ್ವಾ ಪುಟ್ಟಿ. ಅಪ್ಪನ ಗಾಡೀನ ಹ್ಯಾಗ್ಯಾಗೋ ಮಾಡಿ ಕೊಡ್ಲಾ?"

ನಾನು ಅತ್ತೆ. ಮಾರಬೇಡ ಎಂದು ಅವಳ ತೋಳು ಹಿಡಿದು ಎಳೆದೆ. ಅಮ್ಮ ಕಾರನ್ನು ಬದಿಗೆ ನಿಲ್ಲಿಸಿದಳು.

"ಇದ್ರಲ್ಲಿ ಕೂತಾಗೆಲ್ಲ ಅಪ್ಪನೇ ಪಕ್ಕದಲ್ಲಿ ಕೂತ ಹಾಗಾಗ್ತದೆ ಮಗಾ. ತಡ್ಕೊಳ್ಳಕ್ಕಾಗಲ್ಲ ನಂಗೆ."

ಪಕ್ಕದಲ್ಲಿ ಕೂತಿದ್ದವಳು ನಾನು.

ಕಾರನ್ನು ಆಫೀಸರಿಗೆ ಕೊಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ಮುಂದೆ ಅಲ್ಲಿನ ಕಂಪನಿಯ ಕಬ್ಬಿಣದ ಗಣಿ ನಿಂತ ಮೇಲೆ ಕುದುರೆಮುಖದ ಮನೆಗಳೂ ಖಾಲಿಯಾದವು, ಆಫೀಸರು ಎಲ್ಲಿ ಹೋದರೋ, ಕಾರು ಏನಾಯಿತೋ ಗೊತ್ತಿಲ್ಲ. ಆಮೇಲೆ ಅಮ್ಮ ನಾನು ಎಷ್ಟೋ ಗಾಡಿಗಳಲ್ಲಿ ಓಡಾಡಿದ್ದೇವೆ. ಕಾಫಿ ರೇಟು, ಆಳಿನ ತಾಪತ್ರಯ, ನನ್ನ ಮಕ್ಕಳ ಓದು, ಎಲ್ಲ ಮಾತಾಡುತ್ತಾಳೆ. ಅಪ್ಪನ ಕಥೆ ಮಾತ್ರ ಮತ್ತೆ ಎತ್ತಿಲ್ಲ. ಆ ಭಾನುವಾರಗಳಲ್ಲಿ ಅವಳು ಅದನ್ನೆಲ್ಲ ಪಕ್ಕದ ಸೀಟಿನಲ್ಲಿದ್ದ ನನಗೇ ಹೇಳುತ್ತಿದ್ದಾಳೆಂದು ನಾನು ತಿಳಿದುಕೊಂಡಿದ್ದೆ.