ಕಾರಣದ ಕಾಲಂ

ನಮ್ಮ ಮನೆಯಲ್ಲಿ ಏಳನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅವತ್ತಿನಿಂದ ಎಲ್ಲರ ಅರ್ಜಿ ತುಂಬುವ ಕೆಲಸವೂ ನನ್ನದೇ. ಡಾಕ್ಟರಾಗಿ ಡಬ್ಲಿನ್‌ಗೆ ಬಂದ ಮೇಲೆ ರೇಷನ್ ಕಾರ್ಡಿನ ಅರ್ಜಿಗಳು ವಾಟ್ಸಾಪಿನಲ್ಲಿ ಹಿಂಬಾಲಿಸಿ ಬಂದವು.

ಕೋವಿಡ್ಡಿನ ಎರಡನೇ ಅಲೆಯಲ್ಲಿ ಅಪ್ಪ ಅಕ್ಕನ ಮನೆಯಲ್ಲಿ ತೀರಿಕೊಂಡ. ಟೆಸ್ಟಿನ ರಿಪೋರ್ಟು ಇನ್ನೂ ಬಂದಿರಲಿಲ್ಲ. ಅಕ್ಕ ಫೋನ್ ಮಾಡಿದಳು.

"ಸಾವು ಬರೆಸೋ ಅರ್ಜೀಲಿ ಸಾವಿಗೆ ಕಾರಣ ಅಂತ ಒಂದು ಕಾಲಂ ಐತೆ ಕಣೇ. ಏನ್ ಬರೆಸ್ಲಿ?"

ಕೋವಿಡ್ ಎಂದರೆ ಹೆಗಲು ಕೊಡಲು ಯಾರೂ ಬರುತ್ತಿರಲಿಲ್ಲ. "ಹಾರ್ಟ್ ಅಂತ ಬರೆಸು," ಎಂದೆ. ನಾಲ್ಕು ಜನ ಹೊತ್ತರು. ಎರಡು ದಿನ ಬಿಟ್ಟು ಪಾಸಿಟಿವ್ ಎಂದು ರಿಪೋರ್ಟು ಬಂತು. ಅದೇ ವಾರ ಇಲ್ಲಿಯ ವಾರ್ಡಿನಲ್ಲಿ, ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಬಿಟ್ಟು ಬರೀ ನ್ಯುಮೋನಿಯಾ ಎಂದು ಬರೆದ ಜೂನಿಯರ್ ಡಾಕ್ಟರೊಬ್ಬರಿಗೆ ನಾನು ಬುದ್ಧಿ ಹೇಳಿದೆ.

ಮೊನ್ನೆ ಯುಗಾದಿ ಊಟಕ್ಕೆ ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್‌ನ ಹಾಲ್ ಒಂದರಲ್ಲಿ ಸೇರಿದ್ದೆವು. ಇಬ್ಬರು ಎಂಜಿನಿಯರುಗಳು, ಒಬ್ಬ ಬೆಂಗಳೂರಿನವನು, ಒಬ್ಬ ಮೈಸೂರಿನವನು, ಫೋನಿನಲ್ಲಿ ಒಂದು ಪಟ್ಟಿ ಹಿಡಿದು ನಿಂತಿದ್ದರು. ಯಾವ ರಾಜ್ಯದಲ್ಲಿ ಲಕ್ಷಕ್ಕೆ ಎಷ್ಟು ಕೋವಿಡ್ ಸಾವು, ಆಗ ಅಲ್ಲಿ ಯಾವ ಪಕ್ಷದ ಸರ್ಕಾರ. ಪಕ್ಷಕ್ಕೊಂದು ಬಣ್ಣ.

"ನಿಮ್ಮೋರು ಆಳಿದ ಕಡೆನೇ ಜಾಸ್ತಿ ಸತ್ತಿರೋದು, ಗುರು," ಎಂದ ಬೆಂಗಳೂರಿನವನು.

"ನಮ್ಮೋರು ಎಣಿಸಿದ್ರು. ನಿಮ್ಮೋರು ಎಣಿಸೋದೇ ಬಿಟ್ರು. ಡಾಕ್ಟ್ರೇ, ನೀವೇ ಹೇಳಿ, ಈ ಲೆಕ್ಕ ಸರಿ ಇದ್ಯಾ?"

ನನ್ನ ಬಾಯಲ್ಲಿ ಒಬ್ಬಟ್ಟಿತ್ತು. ನುಂಗಿ, "ಒಂದು ಕಡಿಮೆ ಇದೆ. ಕಡಿಮೆ ಮಾಡಿದವಳು ನಾನೇ," ಎಂದು ಅಪ್ಪನ ವಿಷಯ ಹೇಳಿದೆ.

ಬೆಂಗಳೂರಿನವನು ಫೋನು ಜೇಬಿಗೆ ಹಾಕಿದ. ಆಮೇಲೆ ಮೈಸೂರಿನವನು, "ಒಂದರಿಂದ ಏನಾಗುತ್ತೆ ಮೇಡಂ, ಗ್ರ್ಯಾಂಡ್ ಬಿಡಿ," ಎಂದ. ಪರವಾಗಿಲ್ಲ ಎನ್ನಲು ಇಲ್ಲಿಯವರು ಆಡುವ ಮಾತು ಅದು, ಸಮಾಧಾನಕ್ಕೆ ಹೇಳಿದ್ದು. ಲೆಕ್ಕದ ಪ್ರಕಾರ ಸರಿಯೂ ಹೌದು. ಆದರೆ ಗಾರೆ ಕೆಲಸ ಮಾಡಿ ನನ್ನನ್ನು ಓದಿಸಿದ್ದು ಆ ಒಂದೇ.

ಮರುದಿನ ಅಕ್ಕನಿಗೆ ಫೋನ್ ಮಾಡಿ, ಆ ಪಟ್ಟಿಯ ಕತೆ ಹೇಳಿ, ಅಪ್ಪನ ಕಾರಣ ತಿದ್ದಿಸೋಣ ಎಂದೆ. ರಿಪೋರ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಗೇ ಇತ್ತು.

"ತಿದ್ದಿಸೋಕೆ ಇನ್ನೊಂದು ಅರ್ಜಿ ಐತಂತೆ," ಎಂದಳು.

"ಕಳಿಸು, ತುಂಬ್ತೀನಿ."

"ತಿದ್ದಿದ್ರೆ ಅಪ್ಪ ಯಾವ ಪಾರ್ಟಿ ಲೆಕ್ಕಕ್ಕೆ ಹೋಗ್ತಾನೆ?"

"ಆಗ ಯಾರ ಸರ್ಕಾರ ಇತ್ತೋ ಅವರ ಲೆಕ್ಕಕ್ಕೆ."

"ಬದುಕಿದ್ದಾಗ ಯಾರಿಗೆ ಓಟ್ ಹಾಕ್ದೆ ಅಂತ ನಂಗೂ ಹೇಳ್ಲಿಲ್ಲ ಕಣೇ ಅವನು," ಎಂದಳು ಅಕ್ಕ.

ಅರ್ಜಿ ಸಂಜೆಯೇ ಬಂತು. ಕಾರಣದ ಕಾಲಂನಿಂದಲೇ ತುಂಬಲು ಶುರು ಮಾಡಿದೆ.